ಊರು ದಾಟಿದರೆ ಮೇಲ್ ಏಕೆ ಹೋಗದು?

ಬೀದರಿನಿಂದ ಭಾಲ್ಕಿ, ಕಮಲನಗರ ದಾಟಿದ ರೈಲು ಉದಗೀರ ಮುಟ್ಟುವಷ್ಟರಲ್ಲಿ ರಾಜ್ಯ ಬದಲಾಗಿರುತ್ತದೆ. ಬಸವಕಲ್ಯಾಣದ ಕಡೆಯಿಂದ ಸೊಲ್ಲಾಪುರ ಹೆದ್ದಾರಿ ಹಿಡಿದು ಉಮರ್ಗಾಕ್ಕೆ ಹೊರಟವರಿಗೂ ಅಷ್ಟೇ. ಬೋರ್ಡುಗಳು ಮರಾಠಿಗೆ ಹೊರಳಿದರೂ ಮಾತಿನಲ್ಲಿ ಕನ್ನಡ ಇನ್ನೂ ಕೇಳುತ್ತದೆ. ಅಲ್ಲಿ ಲ್ಯಾಪ್‌ಟಾಪ್ ತೆರೆದು ಮೇಲ್ ನೋಡಲು ಕೂತವರಿಗೆ ಒಂದು ಹಳೆಯ ತೊಡಕು ಎದುರಾಗುತ್ತದೆ. ಬಂದ ಪತ್ರ ಓದಲು ಸಿಗುತ್ತದೆ, ಬರೆದ ಉತ್ತರ ಔಟ್‌ಬಾಕ್ಸ್ ಬಿಟ್ಟು ಕದಲುವುದಿಲ್ಲ. ಬೇರೆ ಕಂಪ್ಯೂಟರಿನಲ್ಲಿ ಖಾತೆ ಹೊಂದಿಸಲು ಹೊರಟರಂತೂ ಸರ್ವರ್ ಹೆಸರು, ಪೋರ್ಟ್ ಸಂಖ್ಯೆ, ಭದ್ರತೆಯ ಬಗೆ, ಒಟಿಪಿ ಎಂದು ಒಂದರ ಬೆನ್ನಿಗೆ ಒಂದು ಪ್ರಶ್ನೆ.

ಈ ಪ್ರಶ್ನೆಗಳಲ್ಲಿ ಒಂದೂ ಸುಮ್ಮನೆ ಹುಟ್ಟಿದ್ದಲ್ಲ. ಅವು ಹುಟ್ಟಿದ ಬಗೆ ತಿಳಿದರೆ ಪ್ರವಾಸದಲ್ಲಿ ಪಡುವ ಪಾಡು ಅರ್ಧ ಕಡಿಮೆಯಾಗುತ್ತದೆ.

ಕೂತ ಜಾಗವೇ ಗುರುತು

1982ರ ಆಗಸ್ಟ್. ಉಸ್ಮಾನಾಬಾದ್ ಜಿಲ್ಲೆಯನ್ನು ಒಡೆದು ಲಾತೂರ್ ಜಿಲ್ಲೆ ಮಾಡಿದ್ದು ಆ ತಿಂಗಳಲ್ಲಿ. ಉದಗೀರ, ನಿಲಂಗಾ ಅದಕ್ಕೆ ಸೇರಿದವು. 1956ರ ನವೆಂಬರ್ 1ರವರೆಗೆ ಇವೆರಡೂ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯ ತಾಲ್ಲೂಕುಗಳು. ಜನ ಇದ್ದಲ್ಲೇ ಇದ್ದರು, ಜಿಲ್ಲೆ ಮಾತ್ರ ಎರಡು ಸಲ ಬದಲಾಯಿತು.

1982ರ ಅದೇ ಆಗಸ್ಟಿನಲ್ಲಿ ಅಮೆರಿಕದಲ್ಲಿ ಜಾನ್ ಪೋಸ್ಟೆಲ್ ಅವರು ಮೇಲ್ ಸಾಗಿಸುವ ನಿಯಮಾವಳಿಯನ್ನು ಪ್ರಕಟಿಸಿದರು. ಎಸ್‌ಎಂಟಿಪಿ ಎಂಬ ಆ ನಿಯಮಾವಳಿಯ ಮೇಲೆಯೇ ಇಂದಿಗೂ ಜಗತ್ತಿನ ಮೇಲ್ ಓಡುತ್ತಿದೆ. ಕಳಿಸುತ್ತಿರುವವರು ಯಾರು ಎಂದು ಪರೀಕ್ಷಿಸುವ ಏರ್ಪಾಡು ಅದರಲ್ಲಿ ಇರಲಿಲ್ಲ. ಆಗಿನ ಕಂಪ್ಯೂಟರುಗಳು ವಿಶ್ವವಿದ್ಯಾಲಯಗಳಲ್ಲಿ, ಸಂಶೋಧನಾಲಯಗಳಲ್ಲಿ ನೆಲ ಬಿಟ್ಟು ಅಲ್ಲಾಡದ ಯಂತ್ರಗಳು. ಅವುಗಳ ಮುಂದೆ ಕೂತವರು ಒಬ್ಬರಿಗೊಬ್ಬರು ಪರಿಚಿತರು. ಯಾರದೇ ಪತ್ರ ಬಂದರೂ ಸರ್ವರ್ ಅದನ್ನು ಮುಂದಿನ ಊರಿಗೆ ದಾಟಿಸುತ್ತಿತ್ತು.

ಆ ನಂಬಿಕೆ ಮುರಿಯಬಹುದೆಂಬ ಸೂಚನೆ ಮೊದಲೇ ಸಿಕ್ಕಿತ್ತು. 1978ರ ಮೇ 3ರಂದು ಗ್ಯಾರಿ ಥುರ್ಕ್ ಎಂಬ ಮಾರಾಟ ಅಧಿಕಾರಿ ಅರ್ಪಾನೆಟ್ ಜಾಲದ ಸುಮಾರು 400 ಜನರಿಗೆ ಕಂಪ್ಯೂಟರ್ ಜಾಹೀರಾತನ್ನು ಒಟ್ಟಿಗೆ ಕಳಿಸಿದ್ದರು. 1990ರ ದಶಕದಲ್ಲಿ ಇಂಥ ಜಾಹೀರಾತು ಪ್ರವಾಹವಾಯಿತು. ಯಾರ ಪತ್ರವನ್ನಾದರೂ ದಾಟಿಸುತ್ತಿದ್ದ ಸರ್ವರುಗಳನ್ನು ಹುಡುಕಿ, ಅವುಗಳ ಮೂಲಕ ಲಕ್ಷಗಟ್ಟಲೆ ಕಸ ತುಂಬುವವರು ಬಂದರು. ಇಂಟರ್ನೆಟ್ ಕಂಪನಿಗಳು ಬಾಗಿಲು ಹಾಕಿಕೊಂಡವು. ತಮ್ಮ ಜಾಲದ ಒಳಗಿಂದ ಬಂದ ಪತ್ರಗಳನ್ನಷ್ಟೇ ಕಳಿಸುವುದಾಗಿ ನಿಯಮ ಮಾಡಿದವು. ಮೇಲ್ ಸಾಗುವ ಹಳೆಯ ದಾರಿಯಾದ 25ನೇ ಪೋರ್ಟಿನಿಂದ ಹೊರಹೋಗುವ ಮೇಲನ್ನು ಹಲವು ಕಂಪನಿಗಳು ತಡೆದವು.

ಪೆಟ್ಟು ಬಿದ್ದದ್ದು ಪ್ರವಾಸಿಗೆ. ಮನೆಯ ಸಂಪರ್ಕದಲ್ಲಿ ಸಲೀಸಾಗಿ ಹೋಗುತ್ತಿದ್ದ ಮೇಲ್, ಪರವೂರಿನ ಲಾಡ್ಜಿನಿಂದ ಕಳಿಸಿದರೆ ‘ರಿಲೇಯಿಂಗ್ ಡಿನೈಡ್’ (ದಾಟಿಸುವುದಿಲ್ಲ) ಎಂದು ವಾಪಸ್ ಬರತೊಡಗಿತು. ಖಾತೆ ಅದೇ, ಮನುಷ್ಯ ಅವನೇ. ಸರ್ವರಿಗೆ ಬೇಕಾಗಿದ್ದದ್ದು ಮಾತ್ರ ಅವನು ಕೂತ ಜಾಗ.

ಕೆಫೆಯಲ್ಲೇ ಉಳಿದ ಪತ್ರಗಳು

ಭಾರತದಲ್ಲಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು, ಮೊದಲು ನಾಲ್ಕು ಮಹಾನಗರಗಳಲ್ಲಿ. ಅದು ತಾಲ್ಲೂಕು ಊರುಗಳಿಗೆ ಇಳಿದು ಬಂದದ್ದು ನಿಧಾನವಾಗಿ, ಡಯಲಪ್ ಮತ್ತು ಸೈಬರ್ ಕೆಫೆಗಳ ದಾರಿಯಲ್ಲಿ. ಅಲ್ಲಿ ಕಾದಿದ್ದ ಇನ್ನೊಂದು ತೊಂದರೆ ಮೇಲ್ ಇಳಿಸಿಕೊಳ್ಳುವ ಕ್ರಮದ್ದು. 1984ರಲ್ಲಿ ರೂಪುಗೊಂಡ ಪಾಪ್ ಪದ್ಧತಿಯಲ್ಲಿ ಪತ್ರಗಳು ಸರ್ವರಿನಿಂದ ಕಂಪ್ಯೂಟರಿಗೆ ಇಳಿದುಬಿಡುತ್ತವೆ. ‘ಸರ್ವರಿನಲ್ಲಿ ಒಂದು ಪ್ರತಿ ಇರಲಿ’ ಎಂಬ ಆಯ್ಕೆಗೆ ಗುರುತು ಹಾಕದಿದ್ದರೆ ಪತ್ರಗಳೆಲ್ಲ ಕೆಫೆಯ ಯಂತ್ರದಲ್ಲೇ ಉಳಿಯುತ್ತಿದ್ದವು. ಮನೆಗೆ ಬಂದು ನೋಡಿದರೆ ಪೆಟ್ಟಿಗೆ ಬರಿದು. ಪತ್ರಗಳನ್ನು ಸರ್ವರಿನಲ್ಲೇ ಇಟ್ಟು ಎಲ್ಲಿಂದಲಾದರೂ ಓದುವ ಐಮ್ಯಾಪ್ ಪದ್ಧತಿಯನ್ನು ಮಾರ್ಕ್ ಕ್ರಿಸ್ಪಿನ್ 1986ರಲ್ಲೇ ರೂಪಿಸಿದ್ದರು. ಅದು ಸಾಮಾನ್ಯರ ಕೈಗೆ ಬರಲು ಬಹಳ ಕಾಲ ಹಿಡಿಯಿತು.

ಪ್ರವಾಸಿಗೆ ಮೊದಲು ದಾರಿ ತೆರೆದವರಲ್ಲಿ ನಮ್ಮ ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಒಬ್ಬರು. ಅವರು ಜ್ಯಾಕ್ ಸ್ಮಿತ್ ಜೊತೆಗೂಡಿ 1996ರ ಜುಲೈ 4ರಂದು ಹಾಟ್‌ಮೇಲ್ ಆರಂಭಿಸಿದರು. ಸರ್ವರ್ ಹೆಸರು ಬೇಡ, ಪೋರ್ಟ್ ಬೇಡ, ಬ್ರೌಸರ್ ಒಂದಿದ್ದರೆ ಸಾಕು. ಕೆಫೆಗಳ ಕಾಲದಲ್ಲಿ ಇದು ಬಹು ದೊಡ್ಡ ಉಪಕಾರ.

ಹಾಗೆಂದು ಮೇಲ್ ಪ್ರೋಗ್ರಾಂ ಬೇಡವಾಗಲಿಲ್ಲ. ಸಿಗ್ನಲ್ ಬಂದು ಹೋಗುವ ಗಡಿಹಳ್ಳಿಯಲ್ಲಿ, ರೈಲಿನಲ್ಲಿ, ಬಸ್ಸಿನಲ್ಲಿ ಪತ್ರಗಳನ್ನು ಇಳಿಸಿಟ್ಟುಕೊಂಡು, ಸಂಪರ್ಕ ಇಲ್ಲದಾಗಲೂ ಓದಿ ಬರೆದು, ಸಿಕ್ಕಾಗ ಕಳಿಸುವ ಅನುಕೂಲ ಅದರಲ್ಲಿದೆ. ಎರಡು ರಾಜ್ಯಗಳ ಕಚೇರಿಗಳ ಜೊತೆ ವ್ಯವಹರಿಸುವ ವಕೀಲರಿಗೆ, ಶಿಕ್ಷಕರಿಗೆ, ವ್ಯಾಪಾರಿಗಳಿಗೆ ಇದರ ಬೆಲೆ ಗೊತ್ತು.

ಜಾಗದಿಂದ ಮನುಷ್ಯನ ಕಡೆಗೆ

ನಿಜವಾದ ಪರಿಹಾರ ಬಂದದ್ದು ಎರಡು ಹೆಜ್ಜೆಗಳಲ್ಲಿ. 1998ರ ಡಿಸೆಂಬರಿನಲ್ಲಿ, ಬಳಕೆದಾರರು ಮೇಲ್ ಒಪ್ಪಿಸಲೆಂದೇ 587ನೇ ಪೋರ್ಟನ್ನು ಬೇರೆ ಮಾಡಲಾಯಿತು. 1999ರ ಮಾರ್ಚಿನಲ್ಲಿ ಕಳಿಸುವ ಮುನ್ನವೂ ಹೆಸರು, ಪಾಸ್‌ವರ್ಡ್ ಕೇಳುವ ವಿಧಾನ ನಿಯಮಾವಳಿಗೆ ಸೇರಿತು. ‘ನೀನು ಎಲ್ಲಿದ್ದೀಯ’ ಎಂಬ ಪ್ರಶ್ನೆ ‘ನೀನು ಯಾರು’ ಎಂದಾಯಿತು. ಮೇಲ್ ಚರಿತ್ರೆಯಲ್ಲಿ ಪ್ರವಾಸಿಗೆ ಸಿಕ್ಕ ನಿಜವಾದ ಬಿಡುಗಡೆ ಇದೇ ಎಂದು ನಾನು ನಂಬಿದ್ದೇನೆ. 2009ರ ಡಿಸೆಂಬರಿನಲ್ಲಿ ಬಂದ ಥಂಡರ್‌ಬರ್ಡ್ 3 ಎಂಬ ಮೇಲ್ ಪ್ರೋಗ್ರಾಂ ಇನ್ನಷ್ಟು ಹೊರೆ ಇಳಿಸಿತು. ಹೆಸರು, ವಿಳಾಸ, ಪಾಸ್‌ವರ್ಡ್ ಕೊಟ್ಟರೆ ಉಳಿದ ವಿವರಗಳನ್ನು ತಾನೇ ಹುಡುಕಿಕೊಳ್ಳುವುದನ್ನು ಅದು ಕಲಿತಿತ್ತು. ಸಂಪರ್ಕದ ಮೊದಲ ಕ್ಷಣದಿಂದಲೇ ಗುಪ್ತವಾಗಿ ಮಾತಾಡುವ 465ನೇ ಪೋರ್ಟಿಗೆ 2018ರಲ್ಲಿ ಮತ್ತೆ ಮಾನ್ಯತೆ ಸಿಕ್ಕಿತು.

ಆದರೆ ಪಾಸ್‌ವರ್ಡ್ ಕದಿಯುವವರು ಹೆಚ್ಚಿದಂತೆ ಬೀಗಗಳೂ ಹೆಚ್ಚಿದವು. ಬರೀ ಪಾಸ್‌ವರ್ಡ್ ಹಾಕಿ ಬೇರೆ ಪ್ರೋಗ್ರಾಂನಿಂದ ಒಳಬರುವುದನ್ನು ಗೂಗಲ್ 2022ರ ಮೇ 30ರಿಂದ ವೈಯಕ್ತಿಕ ಖಾತೆಗಳಿಗೆ ನಿಲ್ಲಿಸಿತು. ಈಗ ಬ್ರೌಸರ್ ಮೂಲಕ ಒಪ್ಪಿಗೆ ಕೊಡಬೇಕು, ಇಲ್ಲವೇ 16 ಅಕ್ಷರಗಳ ‘ಆ್ಯಪ್ ಪಾಸ್‌ವರ್ಡ್’ ಪಡೆಯಬೇಕು. ಇದರ ಜೊತೆಗೆ ಜಾಗದ ಪ್ರಶ್ನೆಯೂ ಅನುಮಾನದ ರೂಪದಲ್ಲಿ ಮರಳಿ ಬಂದಿದೆ. ಹೊಸ ಊರು, ಹೊಸ ಯಂತ್ರ ಕಂಡರೆ ಖಾತೆ ತಡೆದು ನಿಲ್ಲಿಸುತ್ತದೆ. ಮೊಬೈಲ್ ಜಾಲದ ಐಪಿ ವಿಳಾಸ ನೂರಾರು ಕಿಲೋಮೀಟರ್ ದೂರದ ನಗರವನ್ನು ತೋರಿಸಬಹುದು. ಉಮರ್ಗಾದಲ್ಲಿ ಕೂತವರು ಮುಂಬೈಯಲ್ಲಿದ್ದಂತೆ ಕಾಣಬಹುದು. ಒಟಿಪಿ ಬರಬೇಕಾದ ಸಿಮ್ಮಿಗೆ ಅಲ್ಲಿ ಸಿಗ್ನಲ್ ಇಲ್ಲದಿದ್ದರೆ ಕೆಲಸ ಅಲ್ಲಿಗೇ ನಿಂತಿತು.

ಆದ್ದರಿಂದ ಹೊಂದಿಸುವ ಕೆಲಸ ಪರವೂರಿನಲ್ಲಿ ಬೇಡ, ಹೊರಡುವ ಮುನ್ನ ಮನೆಯಲ್ಲೇ ಮುಗಿಯಲಿ. ಐಮ್ಯಾಪ್ ಆರಿಸಿ, ಕಳಿಸಲು 587 ಅಥವಾ 465 ಇರಲಿ, 25 ಬೇಡ. ಮನೆಯ ವೈಫೈ ಬಿಟ್ಟು ಮೊಬೈಲ್ ಹಾಟ್‌ಸ್ಪಾಟ್‌ನಿಂದ ಒಂದು ಪತ್ರ ಕಳಿಸಿ ನೋಡಿ. ಹೋದರೆ ಪರವೂರಿನಿಂದಲೂ ಹೋಗುವ ಭರವಸೆ ಇಡಬಹುದು. ಖಾತೆಯ ಬ್ಯಾಕಪ್ ಕೋಡುಗಳನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಸಿಗ್ನಲ್ ಇಲ್ಲದೆಯೂ ಕೋಡ್ ಕೊಡುವ ಅಥೆಂಟಿಕೇಟರ್ ಆ್ಯಪ್ ಫೋನಿನಲ್ಲಿರಲಿ.

ಸೇವೆ ಕೊಡುವವರಿಗೂ ಒಂದು ಮಾತು. ಭದ್ರತೆ ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ದಿನವೂ ಗಡಿ ದಾಟಿ ಬದುಕುವವರಿಗೆ ಊರು ಬದಲಾಗುವುದು ಅನುಮಾನದ ಸಂಗತಿಯಲ್ಲ, ಅದು ಅವರ ದಿನಚರಿ. ತಡೆದು ನಿಲ್ಲಿಸಿದಾಗ ಕಾರಣವನ್ನೂ ಮುಂದಿನ ದಾರಿಯನ್ನೂ ಕನ್ನಡದಲ್ಲಿ, ಮರಾಠಿಯಲ್ಲಿ ಬಿಡಿಸಿ ಹೇಳಲಿ. 1999ರಲ್ಲಿ ಗೆದ್ದ ತತ್ವ ಸರಳವಾದದ್ದು, ಮನುಷ್ಯನನ್ನು ಅವನು ಕೂತ ಜಾಗದಿಂದ ಅಳೆಯಬಾರದು. ಹೊಸ ಬೀಗ ಮಾಡುವವರು ಅದನ್ನು ಮರೆಯದಿದ್ದರೆ ಉದಗೀರದಲ್ಲಿ ಕೂತು ಬರೆದ ಪತ್ರವೂ ಬೀದರಿನಲ್ಲಿ ಬರೆದದ್ದರಷ್ಟೇ ಸಲೀಸಾಗಿ ಹೋಗುತ್ತದೆ.