ನಿಂತೇ ತಿನ್ನಬೇಕಾದ ಗಿರಮಿಟ್

ಧಾರವಾಡದ ಸಪ್ತಾಪುರದಲ್ಲಿ ಸಂಜೆ ಐದು ದಾಟಿತೆಂದರೆ ಓದುವ ಕೋಣೆಗಳಿಂದ ಹುಡುಗ-ಹುಡುಗಿಯರು ಗುಂಪುಗುಂಪಾಗಿ ಹೊರಬೀಳುತ್ತಾರೆ. ಪಿಎಸ್‌ಐ, ಪಿಡಿಒ, ಕೆಎಎಸ್, ಶಿಕ್ಷಕರ ನೇಮಕಾತಿ. ಒಬ್ಬೊಬ್ಬರ ತಲೆಯೊಳಗೆ ಒಂದೊಂದು ಪರೀಕ್ಷೆ. ಮೆಸ್ಸಿನ ಮಧ್ಯಾಹ್ನದ ಊಟ ಕರಗಿಹೋಗಿದೆ, ರಾತ್ರಿಯ ರೊಟ್ಟಿಗೆ ಇನ್ನೂ ಮೂರು ತಾಸು ಬೇಕು. ಈ ನಡುವಿನ ಹಸಿವನ್ನೇ ನಂಬಿ ರಸ್ತೆಯ ಅಂಚಿಗೆ ಗಾಡಿಗಳು ಬಂದು ನಿಲ್ಲುತ್ತವೆ. ಆಷಾಢದ ಜಿಟಿಜಿಟಿ ಮಳೆಯಿದ್ದರೆ ಗಾಡಿಯ ಮೇಲೊಂದು ನೀಲಿ ತಾಡಪತ್ರಿ, ಅದರ ಕೆಳಗೆ ನಾಲ್ಕು ಜನರ ಜಾಗದಲ್ಲಿ ಹತ್ತು ಜನ.

ಗಾಡಿಯ ಒಂದು ತುದಿಗೆ ಒಲೆ, ಮೇಲೆ ಎಣ್ಣೆಯ ಬಾಣಲೆ. ಇನ್ನೊಂದು ತುದಿಗೆ ಬುಟ್ಟಿ ತುಂಬ ಚುರುಮುರಿ. ನಡುವೆ ಹೆಚ್ಚಿದ ಉಳ್ಳಾಗಡ್ಡಿ, ತಮಾಟಿ, ಕೊತಂಬರಿ, ಡಬ್ಬಿಯಲ್ಲಿ ಪುಟಾಣಿ ಹಿಟ್ಟು, ಇನ್ನೊಂದರಲ್ಲಿ ಸಣ್ಣ ಶೇವು. ಇವೆಲ್ಲ ಯಾವ ಊರಲ್ಲೂ ಸಿಗುತ್ತವೆ. ಗಿರಮಿಟ್ಟಿನ ಜೀವ ಇರುವುದು ಮುಚ್ಚಳ ಹಾಕಿಟ್ಟ ಪಾತೇಲಿಯಲ್ಲಿ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಷಿಣ ಎಣ್ಣೆಯಲ್ಲಿ ಬಾಡಿಸಿ, ಹುಣಸೆಹುಳಿ ಬೆಲ್ಲ ಹಾಕಿ ಕುದಿಸಿ ಗಟ್ಟಿ ಮಾಡಿದ ಗೊಜ್ಜು ಅದು. ಹುಳಿ ಮುಂದಾದರೆ ಹಲ್ಲು ಚುಳ್ಳೆನ್ನುತ್ತದೆ, ಬೆಲ್ಲ ಮುಂದಾದರೆ ಧಾರವಾಡದವರು ಮುಖ ಸಿಂಡರಿಸುತ್ತಾರೆ. ಮನೆಯಲ್ಲೇ ಮಾಡಿ ತಂದ ಗೊಜ್ಜು. ಎಷ್ಟಕ್ಕೆ ಎಷ್ಟು ಎಂದು ಕೇಳಿದರೆ ನಗು ಮಾತ್ರ ಉತ್ತರ.

‘ಕಾಕಾ, ಎರಡ ಗಿರಮಿಟ್ ಮಾಡ್ರಿ. ಒಂದಕ್ಕ ಖಾರ ಜಾಸ್ತಿ ಇರಲಿ.’

‘ಮಿರ್ಚಿ?’

‘ಬಿಸಿ ಅದಾವೇನ್ರಿ?’

‘ಈಗ ಬಿಡಾಕತ್ತೇನಿ. ಎರಡ ಮಿನಿಟ ನಿಂದರು ತಮ್ಮಾ.’

ನಿಂತವರಿಗೆ ನೋಡಲು ಕೆಲಸ ಸಿಗುತ್ತದೆ. ಉದ್ದನೆಯ ಹಸಿಮೆಣಸಿನಕಾಯಿಯ ಹೊಟ್ಟೆ ಸೀಳಿ ಉಪ್ಪು ಅಜವಾನ ತುಂಬಿಟ್ಟಿದ್ದಾನೆ. ತೊಟ್ಟು ಹಿಡಿದು ಕಡಲೆಹಿಟ್ಟಿನಲ್ಲಿ ಮುಳುಗಿಸಿ, ಒಂದು ಮಗ್ಗುಲನ್ನು ಪಾತ್ರೆಯ ಕಂಠಕ್ಕೆ ಒರೆಸಿ, ಎಣ್ಣೆಯ ಅಂಚಿನಿಂದ ಮೆಲ್ಲಗೆ ಜಾರಿಸುತ್ತಾನೆ. ಒರೆಸುವುದು ಹಿಟ್ಟು ಉಳಿಸುವ ಜಿಪುಣತನವಲ್ಲ. ಹಿಟ್ಟು ತೆಳುವಾದ ಆ ಮಗ್ಗುಲಿನಲ್ಲಿ ಕಾಯಿಗೆ ಕಾವು ತಟ್ಟಿ ಅದು ಒಳಗೇ ಬೇಯಬೇಕು. ಇಲ್ಲದಿದ್ದರೆ ಹೊರಗೆ ಕೆಂಪು, ಒಳಗೆ ಹಸಿ.

ಅಷ್ಟರಲ್ಲಿ ಅತ್ತ ಬೋಗುಣಿಯಲ್ಲಿ ಎರಡು ಹಿಡಿ ಚುರುಮುರಿ, ಒಂದು ಚಮಚ ಗೊಜ್ಜು, ಮೇಲಿಷ್ಟು ಪುಟಾಣಿ ಹಿಟ್ಟು. ಕಲಸುವುದಕ್ಕೆ ಸೌಟು ಬೇಕಿಲ್ಲ, ಬೋಗುಣಿಯನ್ನೇ ಚಿಮ್ಮಿಸಿ ಚಿಮ್ಮಿಸಿ ಕಲಸುತ್ತಾನೆ. ಉಳ್ಳಾಗಡ್ಡಿ, ಕೊತಂಬರಿ, ಶೇವು ಉದುರಿ ಪ್ಲೇಟು ಕೈಗೆ ಬಂದ ಕ್ಷಣದಿಂದ ಕಾಲ ಓಡತೊಡಗುತ್ತದೆ. ಐದು ನಿಮಿಷ ಮಾತಾಡುತ್ತ ಕೂತಿರೋ, ಚುರುಮುರಿ ಗೊಜ್ಜು ಕುಡಿದು ಮೆತ್ತಗಾಯಿತು. ಹೋಟೆಲುಗಳೂ ಇದನ್ನು ಮೆನುವಿನಲ್ಲಿ ಬರೆದುಕೊಂಡಿವೆ. ಆದರೆ ಅಡುಗೆಮನೆಯಿಂದ ಮೇಜಿನವರೆಗೆ ಬರುವಷ್ಟರಲ್ಲಿ ಅದರ ಅರ್ಧ ಆಯುಷ್ಯ ಮುಗಿದಿರುತ್ತದೆ. ಮೊಬೈಲಿನಲ್ಲಿ ತರಿಸಿಕೊಂಡವರ ಪಾಡನ್ನಂತೂ ಹೇಳುವುದೇ ಬೇಡ. ಕೈಯಿಂದ ಬಾಯಿಗೆ ಇರುವ ದಾರಿ ಗಾಡಿಯಲ್ಲಿರುವಷ್ಟು ಚಿಕ್ಕದು ಬೇರೆಲ್ಲೂ ಇಲ್ಲ.

ಪಕ್ಕದ್ದು ಗೋಬಿ ಮಂಚೂರಿಯ ಗಾಡಿ. 2024ರ ಮಾರ್ಚ್‌ನಲ್ಲಿ ರಾಜ್ಯ ಸರಕಾರ ಗೋಬಿಗೆ ಕೃತಕ ಬಣ್ಣ ಹಾಕುವಂತಿಲ್ಲ ಎಂದು ನಿಷೇಧಿಸಿತು. ಅಲ್ಲಿಂದ ‘ಯಾಕ್ರೀ ಇಷ್ಟ ಬೆಳ್ಳಗ?’ ಎನ್ನುವ ಗಿರಾಕಿ ಒಬ್ಬ ಇದ್ದೇ ಇರುತ್ತಾನೆ. ತಿನ್ನುವವನ ಕಣ್ಣಿಗೇ ಕೆಂಪು ಬೇಕಾಗಿದ್ದಾಗ ಮಾರುವವನೊಬ್ಬನನ್ನೇ ಬೈದು ಪ್ರಯೋಜನವಿಲ್ಲ. ಬಜ್ಜಿ ಸುತ್ತಿಕೊಡುವ ಹಳೇ ಪೇಪರಿನದೂ ಇದೇ ಕಥೆ. ಶಾಯಿಯಲ್ಲಿ ಸೀಸದಂಥ ವಿಷವಿರುತ್ತದೆ, ಪತ್ರಿಕೆಯಲ್ಲಿ ತಿನಿಸು ಕಟ್ಟಬೇಡಿ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ಹೇಳಿತು. ಆದರೂ ಬಿಸಿ ಮಿರ್ಚಿಯ ಎಣ್ಣೆ ಹೀರಿಸಲು ಪೇಪರಿನ ತುಂಡಿಗೆ ಕೈ ಚಾಚುವವರು ಬಹುಪಾಲು ನಾವೇ.

ದುಡ್ಡಿನ ವಿಷಯದಲ್ಲಿ ಗಾಡಿಗಳು ಬೇಗ ಬದಲಾದವು. ತಕ್ಕಡಿಯೂ ಇಲ್ಲದ ಗಾಡಿಯಲ್ಲಿ ಕ್ಯೂಆರ್ ಕೋಡ್ ಬಂತು, ಬಂದ ಹಣವನ್ನು ಗಟ್ಟಿಯಾಗಿ ಕೂಗುವ ಡಬ್ಬಿ ಬಂತು. 2025ರ ಜುಲೈನಲ್ಲಿ, ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸು ಹೋದ ಸುದ್ದಿ ಹಬ್ಬಿದಾಗ, ಬೆಂಗಳೂರಿನ ಅನೇಕ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿ ನೇತಾಡಿತು. ಇನ್ನು ನಿಲ್ಲುವ ಜಾಗದ ವಿಷಯ. ಬೀದಿ ವ್ಯಾಪಾರಿಗಳಿಗೆಂದು 2014ರಲ್ಲೇ ಕಾಯ್ದೆ ಬಂದಿದೆ. ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ವ್ಯಾಪಾರಿಗಳೇ ಇರಬೇಕು ಎನ್ನುತ್ತದೆ ಅದು. ಗಾಡಿಯವನಿಗೆ ದಿನಾ ಎದುರಾಗುವ ಪ್ರಶ್ನೆ ಮಾತ್ರ ಇನ್ನೂ ಸಣ್ಣದು: ನಾಳೆಯೂ ಇದೇ ಮರದ ಕೆಳಗೆ ನಿಲ್ಲಬಹುದೇ? ಗಿರಾಕಿ ಹುಡುಕಿಕೊಂಡು ಬರುವುದು ಬೋರ್ಡನ್ನಲ್ಲ, ಆ ಮರವನ್ನು. ಐವತ್ತು ಹೆಜ್ಜೆ ಆಚೆ ಸರಿಸಿದರೆ ಅರ್ಧ ವ್ಯಾಪಾರ ಹೋಯಿತು.

ಏಳೂವರೆಯ ಹೊತ್ತಿಗೆ ಬುಟ್ಟಿಯ ತಳ ಕಾಣುತ್ತದೆ. ತಟ್ಟೆಯಲ್ಲಿ ಉಳಿದ ಐದಾರು ಮಿರ್ಚಿ ಆರಿ ಮುದುಡಿವೆ. ಅವನ್ನೇ ಮತ್ತೆ ಎಣ್ಣೆಗೆ ಬಿಟ್ಟು ಬಿಸಿ ಮಾಡಿ ಕೊಡುವುದುಂಟು. ಬಣ್ಣ ಕಪ್ಪಿಗೆ ತಿರುಗಿರುವುದನ್ನು ಪಳಗಿದ ಗಿರಾಕಿ ದೂರದಿಂದಲೇ ಗುರುತಿಸುತ್ತಾನೆ. ತಡವಾಗಿ ಬಂದ ಹುಡುಗಿಯೊಬ್ಬಳು ರೂಮಿನ ಗೆಳತಿಗೆ ಜ್ವರ, ಗಿರಮಿಟ್ ಪಾರ್ಸಲ್ ಬೇಕು ಎಂದಳು.

‘ಪಾರ್ಸಲ್ ಒಯ್ದರ ಏನ ರುಚಿ ತಂಗಿ? ಗೊಜ್ಜ ಬ್ಯಾರೆ, ಚುರುಮುರಿ ಬ್ಯಾರೆ ಕಟ್ಟಿ ಕೊಡತೇನಿ. ಅಕಿ ಮುಂದ ಕುಂತು ಕಲಸು.’

‘ಮಿರ್ಚಿ ಎರಡ ಹಾಕ್ರಿ ಕಾಕಾ.’

‘ಜ್ವರಾ ಅಂದಿ, ಮಿರ್ಚಿ ಯಾಕ?’

‘ಅದು ನನಗ್ರೀ.’