ಕಾಯಿಲೆಯ ಮುಸುಕಿನಲ್ಲಿ ಮಾತ್ರೆಯ ಕಾಟ

‘ಮಾತ್ರೆ ಆಗಿಬರದಿದ್ದರೆ ಮೈಗೆ ಗೊತ್ತಾಗುತ್ತೆ ಬಿಡಿ’ ಎನ್ನುವುದು ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವ ಬಹುಮಂದಿಯ ನಂಬಿಕೆ. ಅದು ಅರ್ಧ ನಿಜ. ಮೆಟ್‌ಫಾರ್ಮಿನ್ ಶುರು ಮಾಡಿದ ಹೊಸತರಲ್ಲಿ ಹೊಟ್ಟೆ ತೊಳಸುವುದು, ಭೇದಿಯಾಗುವುದು ಯಾರಿಗಾದರೂ ಗೊತ್ತಾಗುತ್ತದೆ. ಊಟದ ಜತೆ ತೆಗೆದುಕೊಂಡರೆ, ಪ್ರಮಾಣವನ್ನು ನಿಧಾನವಾಗಿ ಏರಿಸಿದರೆ ಅದು ಸಾಮಾನ್ಯವಾಗಿ ತಗ್ಗುತ್ತದೆ ಕೂಡ. ಕಾಡುವುದು ಸದ್ದಿಲ್ಲದೆ ಬರುವ ಅಡ್ಡಪರಿಣಾಮಗಳು. ಅವು ಎಷ್ಟೋ ಸಲ ಕಾಯಿಲೆಯದೇ ವೇಷ ತೊಟ್ಟು ಬರುತ್ತವೆ.

‘ಪಾದ ಉರಿ, ಜೋಮು ಅಂದರೆ ಶುಗರ್‌ದೇ’

ಯಾವಾಗಲೂ ಅಲ್ಲ. ಆಹಾರದಲ್ಲಿರುವ ಬಿ12 ಜೀವಸತ್ವವನ್ನು ಸಣ್ಣ ಕರುಳಿನ ಕೊನೆಯ ಭಾಗ ಹೀರಿಕೊಳ್ಳುತ್ತದೆ. ಮೆಟ್‌ಫಾರ್ಮಿನ್ ಆ ಕೆಲಸಕ್ಕೆ ಅಡ್ಡಿಯಾಗುತ್ತದೆ. ಆದರೆ ಯಕೃತ್ತಿನಲ್ಲಿ ಹಲವು ವರ್ಷಗಳಿಗೆ ಸಾಲುವಷ್ಟು ಬಿ12 ದಾಸ್ತಾನು ಇರುವುದರಿಂದ ಕೊರತೆ ತಕ್ಷಣ ಕಾಣುವುದಿಲ್ಲ. ಮಾತ್ರೆ ಶುರುವಾಗಿ ನಾಲ್ಕೈದು ವರ್ಷವಾದ ಮೇಲೆ ಪಾದ ಉರಿಯುತ್ತದೆ, ಬೆರಳು ಜುಮುಗುಡುತ್ತದೆ, ನಡಿಗೆ ತಡವರಿಸುತ್ತದೆ, ಮರೆವು ಬರುತ್ತದೆ. ಸಕ್ಕರೆ ಕಾಯಿಲೆಯಿಂದ ನರ ಕೆಟ್ಟಾಗಲೂ ಪಾದದಲ್ಲಿ ಆಗುವುದು ಇದೇ. ಹಾಗಾಗಿ ಉರಿ ತಗ್ಗಿಸಲು ಇನ್ನೊಂದು ಮಾತ್ರೆ ಚೀಟಿಗೆ ಸೇರುತ್ತದೆ, ಬಿ12 ಮಾತ್ರ ಇಳಿಯುತ್ತಲೇ ಇರುತ್ತದೆ.

ನಮ್ಮಲ್ಲಿ ಇದು ಇನ್ನಷ್ಟು ಬಿಗಡಾಯಿಸಲು ಎರಡು ಕಾರಣಗಳಿವೆ. ಬಿ12 ಸಿಗುವುದು ಮೀನು, ಮಾಂಸ, ಮೊಟ್ಟೆ, ಹಾಲು, ಮೊಸರಿನಲ್ಲಿ. ಮುದ್ದೆ-ಸಾರು, ರೊಟ್ಟಿ-ಪಲ್ಯದಲ್ಲಿ ಎಷ್ಟು ಹುಡುಕಿದರೂ ಇಲ್ಲ. ಸಸ್ಯಾಹಾರಿಗಳ ದಾಸ್ತಾನು ಮೊದಲೇ ತೆಳು. ಇನ್ನೊಂದು ಕಾರಣ ಗ್ಯಾಸ್ ಮಾತ್ರೆ. ಪ್ಯಾಂಟೊಪ್ರಜೋಲ್‌ನಂಥವನ್ನು ವರ್ಷಗಟ್ಟಲೆ ನುಂಗಿದರೆ ಅದೂ ಬಿ12 ಹೀರಿಕೆಯನ್ನು ತಗ್ಗಿಸುತ್ತದೆ. ಶುಗರ್ ಮಾತ್ರೆಯ ಜತೆಗೆ ‘ಒಂದು ಗ್ಯಾಸ್ ಮಾತ್ರೆ ಇರಲಿ’ ಎನ್ನುವ ನಮ್ಮ ಅಭ್ಯಾಸ ಸ್ವಲ್ಪ ಅತಿಯಾಗಿದೆ ಎಂದೇ ನನ್ನ ಅನಿಸಿಕೆ.

ರಕ್ತ ಕಡಿಮೆಯಾದರೆ ತಾನೇ ಬಿ12 ಕೊರತೆ ಎಂದು ಸುಮ್ಮನಿರುವಂತಿಲ್ಲ. ಹಿಮೋಗ್ಲೋಬಿನ್ ಸರಿಯಿರುವಾಗಲೇ ನರ ಸೊರಗಬಹುದು, ತಡವಾದರೆ ಆ ಹಾನಿ ಪೂರ್ತಿ ವಾಸಿಯಾಗದೆಯೂ ಉಳಿಯಬಹುದು. ಮೆಟ್‌ಫಾರ್ಮಿನ್ ಮಾತ್ರೆಯನ್ನು ಹೆಚ್ಚು ಪ್ರಮಾಣದಲ್ಲಿ, ಬಹುಕಾಲದಿಂದ ತೆಗೆದುಕೊಳ್ಳುತ್ತಿರುವವರ ಬಿ12 ಮಟ್ಟವನ್ನು ಆಗಾಗ ನೋಡಬೇಕು ಎಂದು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಹೇಳುತ್ತದೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಇದನ್ನೇ ವೈದ್ಯರಿಗೆ ನೆನಪಿಸಿತು. ಕೊರತೆ ಕಂಡರೆ ಮೆಟ್‌ಫಾರ್ಮಿನ್ ಬಿಡಬೇಕಾಗಿಲ್ಲ, ಬಿ12 ಕೊಟ್ಟರಾಯಿತು.

‘ಶುಗರ್ ಮಾತ್ರೆ ಕಿಡ್ನಿ ತಿನ್ನುತ್ತೆ’

ಕಿಡ್ನಿ ತಿನ್ನುವುದು ಹತೋಟಿ ತಪ್ಪಿದ ಸಕ್ಕರೆ ಮತ್ತು ಬಿ.ಪಿ. ಮೆಟ್‌ಫಾರ್ಮಿನ್ ಕಿಡ್ನಿಯ ಮೂಲಕ ಹೊರಹೋಗುತ್ತದೆ, ಅಷ್ಟೇ. ಕಿಡ್ನಿ ಮೊದಲೇ ಸೋತಿದ್ದರೆ ಔಷಧಿ ಮೈಯಲ್ಲೇ ನಿಂತು, ಅಪರೂಪಕ್ಕೆ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರಬಹುದು. ಕ್ರಿಯಾಟಿನಿನ್‌ನಿಂದ ಲೆಕ್ಕ ಹಾಕುವ ಇಜಿಎಫ್‌ಆರ್ 30ಕ್ಕಿಂತ ಕೆಳಗಿಳಿದರೆ ಈ ಮಾತ್ರೆ ಕೊಡಬಾರದು, 45ಕ್ಕಿಂತ ಇಳಿದಾಗ ಮುಂದುವರಿಸುವ ಬಗ್ಗೆ ಮರುಯೋಚನೆ ಬೇಕು. ವರ್ಷಕ್ಕೊಮ್ಮೆಯಾದರೂ ಈ ಪರೀಕ್ಷೆ ಮಾಡಿಸಬೇಕಾದದ್ದು ಇದಕ್ಕೇ. ಕಿಡ್ನಿ ಹೆದರಿಕೆಯಿಂದ ಮಾತ್ರೆ ಬಿಟ್ಟು, ಸಕ್ಕರೆ ಏರಿ, ಕಡೆಗೆ ಡಯಾಲಿಸಿಸ್‌ವರೆಗೆ ಹೋಗುವುದು ಈ ನಂಬಿಕೆಯ ದೊಡ್ಡ ವ್ಯಂಗ್ಯ.

‘ಎಚ್‌ಬಿಎ1ಸಿ ಚೆನ್ನಾಗಿದೆ, ಎಲ್ಲ ಚೆನ್ನಾಗಿದೆ’

ಅದು ಮೂರು ತಿಂಗಳ ಸರಾಸರಿ. ರಾತ್ರಿ ಸಕ್ಕರೆ ಕುಸಿದು, ಹಗಲು ಏರಿದರೂ ಸರಾಸರಿ ಚಂದವೇ ಕಾಣುತ್ತದೆ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮಾತ್ರೆಗಳು ಊಟ ಮಾಡಿದರೂ ಬಿಟ್ಟರೂ ಇನ್ಸುಲಿನ್ ಸುರಿಸುತ್ತವೆ. ಸಂಕಷ್ಟಿ, ಏಕಾದಶಿ, ರಂಜಾನ್ ಉಪವಾಸದ ದಿನ ಎಂದಿನಂತೆ ಇವನ್ನು ನುಂಗುವುದು ಅಪಾಯ. ನಿದ್ದೆಯಲ್ಲಿ ಬಟ್ಟೆ ತೊಯ್ಯುವಷ್ಟು ಬೆವರು, ಕೆಟ್ಟ ಕನಸು, ಬೆಳಗ್ಗೆ ತಲೆನೋವು ಇದ್ದರೆ ಲೋ ಶುಗರ್ ಇರಬಹುದೆಂದು ಅನುಮಾನಿಸಬೇಕು. ವಯಸ್ಸಾದವರಲ್ಲಿ ಅದು ಬರೀ ತಡಬಡಿಕೆಯಾಗಿ ಕಂಡು, ‘ಅಜ್ಜಿಗೆ ಅರಳುಮರುಳು’ ಎನ್ನಿಸಿಕೊಂಡುಬಿಡುತ್ತದೆ. ಬಿ.ಪಿ.ಗೆ ಮೆಟೊಪ್ರೊಲಾಲ್ ಜಾತಿಯ ಮಾತ್ರೆ ಇದ್ದರೆ ಎದೆಬಡಿತ, ನಡುಕದ ಎಚ್ಚರಿಕೆಯೂ ಅಡಗುತ್ತದೆ, ಬೆವರು ಮಾತ್ರ ಸಾಮಾನ್ಯವಾಗಿ ಉಳಿಯುತ್ತದೆ.

‘ಸಕ್ಕರೆ 180 ಇದೆ, ಗಾಬರಿ ಏನಿಲ್ಲ’

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಹೃದಯಕ್ಕೂ ಕಿಡ್ನಿಗೂ ಇವು ಒಳ್ಳೆಯವೇ. ಆದರೆ ಜನನಾಂಗದ ಫಂಗಸ್ ತುರಿಕೆ ಇವುಗಳ ಸಾಮಾನ್ಯ ಕಾಟ. ನಾಚಿಕೆಯಿಂದ ಬಹಳ ಜನ ಅದನ್ನು ಹೇಳುವುದಿಲ್ಲ, ಕೇಳದ ವೈದ್ಯರಿಗೆ ಗೊತ್ತಾಗುವುದೂ ಇಲ್ಲ. ಅಪರೂಪದ್ದು, ಆದರೆ ಪ್ರಾಣಕ್ಕೇ ಬರುವಂಥದ್ದು ಕೀಟೋಆಸಿಡೋಸಿಸ್: ರಕ್ತ ಆಮ್ಲೀಯವಾಗುತ್ತದೆ, ಮೀಟರ್ ಮಾತ್ರ 250ರ ಒಳಗೇ ತೋರಿಸುತ್ತಿರಬಹುದು. ಅಮೆರಿಕದ ಎಫ್‌ಡಿಎ 2015ರಲ್ಲಿ ಈ ಎಚ್ಚರಿಕೆ ಕೊಟ್ಟಿತು. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ಮೀಟರ್ ನಂಬಿ ಕೂರದೆ ಆಸ್ಪತ್ರೆಗೆ ಹೋಗಿ ಕೀಟೋನ್ ನೋಡಿಸಬೇಕು. ಆಪರೇಷನ್ ನಿಗದಿಯಾಗಿದ್ದರೆ ಇವನ್ನು ಕನಿಷ್ಠ ಮೂರು ದಿನ ಮೊದಲೇ ನಿಲ್ಲಿಸಲು ವೈದ್ಯರು ಹೇಳುತ್ತಾರೆ. ಹಲ್ಲು, ಕಣ್ಣು ಎಂದು ಬೇರೆ ಬೇರೆ ಡಾಕ್ಟರ ಬಳಿ ಹೋಗುವಾಗ ಈ ಮಾತ್ರೆಯ ಹೆಸರು ಹೇಳಲೇಬೇಕು.

‘ದೂರು ಕೊಡುವುದು ಡಾಕ್ಟರ ಕೆಲಸ’

ರೋಗಿಯೂ ಕೊಡಬಹುದು. ಗಾಜಿಯಾಬಾದಿನ ಇಂಡಿಯನ್ ಫಾರ್ಮಾಕೋಪಿಯಾ ಕಮಿಷನ್ ನಡೆಸುವ ಔಷಧ ನಿಗಾ ಕಾರ್ಯಕ್ರಮ 2010ರಲ್ಲಿ ಶುರುವಾಯಿತು. ಉಚಿತ ಸಹಾಯವಾಣಿ 1800-180-3024. ಅಡ್ಡಪರಿಣಾಮದ ಆತಂಕದಿಂದಲೇ ಪಯೊಗ್ಲಿಟಜೋನ್ ಎಂಬ ಇನ್ನೊಂದು ಶುಗರ್ ಮಾತ್ರೆಯನ್ನು 2013ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ತಡೆಹಿಡಿದು, ಮುಂದಿನ ತಿಂಗಳೇ ಮೂತ್ರಕೋಶದ ಕ್ಯಾನ್ಸರ್ ಕುರಿತ ಎಚ್ಚರಿಕೆ ಅಚ್ಚಾಗಿರಬೇಕೆಂಬ ಷರತ್ತಿನೊಡನೆ ಬಿಟ್ಟಿತು. ಅದೇ ಮಾತ್ರೆ ಕಾಲು ಊದಿಸುವುದೂ ಉಂಟು. ಕರೆ ಮಾಡುವ ಮುನ್ನ ಸ್ಟ್ರಿಪ್ ಕೈಯಲ್ಲಿರಲಿ: ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧಿ ಬೆರೆತಿರುವುದು ನಮ್ಮಲ್ಲಿ ಮಾಮೂಲು, ಅವುಗಳ ಹೆಸರು, ಬ್ಯಾಚ್ ನಂಬರ್ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿರುತ್ತದೆ.