ಶನಿವಾರವೋ, ಆದಿತ್ಯವಾರವೋ?

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯವರ ತಮ್ಮ ನೌಕರಿ ಹುಡುಕಿಕೊಂಡು ಧಾರವಾಡದಿಂದ ಮುಂಬಯಿಗೆ ಬಂದನು. ಒಂದು ತಿಂಗಳ ಅಲೆದಾಟದ ಮೇಲೆ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ಸಂಬಳವೂ ಚೆನ್ನಾಗಿಯೇ ಇತ್ತು. ಆದರೆ ಶನಿವಾರ ಕೆಲಸಕ್ಕೆ ಬರಲೇಬೇಕೆಂದರಂತೆ. ಈತ ಒಲ್ಲೆನೆಂದು ಹೇಳಿ ಮನೆಗೆ ಬಂದುಬಿಟ್ಟನು. ಎರಡು ವರ್ಷದ ಹಿಂದೆ ಅವನು ಏಳನೆಯ ದಿನವನ್ನು ಆಚರಿಸುವ ಸಭೆಯೊಂದನ್ನು ಸೇರಿದ್ದನು. ಆ ದಿನ ನಮ್ಮ ಮನೆಯಲ್ಲಿ ಯಾರಿಗೂ ಊಟ ರುಚಿಸಲಿಲ್ಲ. ಅಕ್ಕ ಅತ್ತಳು, ನಾವು ರೇಗಿದೆವು.

ಅವನು ಮಾತ್ರ ಶಾಂತನಾಗಿ, “ಭಾವಾ, ಸಿಟ್ಟು ಆಮ್ಯಾಲೆ ಮಾಡ್ರಿ. ಆದಿತ್ಯವಾರನ ಸಬ್ಬತ್ತು ಅಂತ ಬೈಬಲ್ಲಿನ್ಯಾಗ ಎಲ್ಲಿ ಐತಿ, ತೋರಸ್ರಿ ನೋಡೂಣು” ಎಂದನು.

ನಮ್ಮ ಮನೆತನ ಅಜ್ಜನ ಕಾಲದಿಂದ ಬಾಸೆಲ್ ಮಿಶನ್ ಸಭೆಯದು. ಆದಿತ್ಯವಾರ ಗುಡಿಗೆ ಹೋಗುವುದು ನಮಗೆ ಉಸಿರಾಡಿದಷ್ಟು ಸಹಜ. ಆದರೆ ಅವನ ಪ್ರಶ್ನೆಗೆ ಆ ರಾತ್ರಿ ನಮ್ಮಲ್ಲಿ ಉತ್ತರವಿರಲಿಲ್ಲ. ಆಮೇಲೆ ಕೆಲವು ವಾರ ಬಿಡುವಿನಲ್ಲಿ ಪುಸ್ತಕಗಳನ್ನು ತಿರುವಿ ತಿಳಿದುಕೊಂಡದ್ದನ್ನು ಓದುಗರ ಮುಂದೆ ಇಡುತ್ತಿದ್ದೇವೆ.

ಮೊದಲು ಅವನ ಪಕ್ಷ. ವಿಮೋಚನಕಾಂಡದ ಇಪ್ಪತ್ತನೆಯ ಅಧ್ಯಾಯದಲ್ಲಿ ಬರುವ ಹತ್ತು ಆಜ್ಞೆಗಳಲ್ಲಿ ಸಬ್ಬತ್ತಿನದೂ ಒಂದು. ಅಲ್ಲಿ ಹೇಳಿದ್ದು ಏಳನೆಯ ದಿನ. ಅಂದರೆ ಶುಕ್ರವಾರ ಸಂಜೆ ಹೊತ್ತು ಮುಳುಗಿದಾಗಿನಿಂದ ಶನಿವಾರ ಸಂಜೆಯವರೆಗೆ. ಯೇಸುಸ್ವಾಮಿಯೂ ಸಬ್ಬತ್ತಿನಲ್ಲಿ ಸಭಾಮಂದಿರಕ್ಕೆ ಹೋಗುವ ವಾಡಿಕೆಯುಳ್ಳವನು. ಆ ದಿನವನ್ನು ಬದಲಿಸಿರೆಂಬ ಆಜ್ಞೆ ಹೊಸ ಒಡಂಬಡಿಕೆಯಲ್ಲಿ ಎಲ್ಲಿಯೂ ಇಲ್ಲ. ಇದನ್ನು ಒಪ್ಪಲೇಬೇಕು.

ಇನ್ನು ನಮ್ಮ ಪಕ್ಷ. ಕರ್ತನು ಪುನರುತ್ಥಾನ ಹೊಂದಿದ್ದು ವಾರದ ಮೊದಲನೆಯ ದಿನ. ತ್ರೋವದಲ್ಲಿ ಶಿಷ್ಯರು ರೊಟ್ಟಿ ಮುರಿಯಲು ಕೂಡಿದ್ದೂ ಅದೇ ದಿನವೆಂದು ಅಪೊಸ್ತಲರ ಕೃತ್ಯಗಳಲ್ಲಿದೆ. ಅನ್ಯಜನರಿಂದ ಬಂದ ವಿಶ್ವಾಸಿಗಳು ಏನೇನು ಪಾಲಿಸಬೇಕೆಂದು ಯೆರೂಸಲೇಮಿನ ಹಿರಿಯರು ಕೂಡಿ ನಿರ್ಣಯಿಸಿದಾಗ, ಆ ಪಟ್ಟಿಯಲ್ಲಿ ಸಬ್ಬತ್ತನ್ನು ಸೇರಿಸಲಿಲ್ಲ. ಹಬ್ಬ, ಅಮಾವಾಸ್ಯೆ, ಸಬ್ಬತ್ತುಗಳ ವಿಷಯದಲ್ಲಿ ಯಾರೂ ನಿಮಗೆ ತೀರ್ಪು ಮಾಡದಿರಲಿ ಎಂಬ ಅರ್ಥದಲ್ಲಿ ಪೌಲನು ಕೊಲೊಸ್ಸೆಯವರಿಗೆ ಬರೆದನು. ಇದನ್ನೂ ಒಪ್ಪಬೇಕು.

ಚರಿತ್ರೆ ಏನು ಹೇಳುತ್ತದೆ? ಎರಡನೆಯ ಶತಮಾನದ ನಡುವಿನಲ್ಲಿಯೇ ಕ್ರೈಸ್ತರು ಸೂರ್ಯನ ದಿನದಲ್ಲಿ ಕೂಡುತ್ತಿದ್ದರೆಂದು ರೋಮಿನಲ್ಲಿದ್ದ ಜಸ್ಟಿನ್ ಬರೆದಿದ್ದಾನೆ. ಕ್ರಿ.ಶ. 321ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನನು ನ್ಯಾಯಾಧೀಶರೂ ಪಟ್ಟಣಿಗರೂ ಕುಶಲಕರ್ಮಿಗಳೂ ಆ ದಿನ ಕೆಲಸ ನಿಲ್ಲಿಸತಕ್ಕದ್ದೆಂದು ಕಾಯಿದೆ ಮಾಡಿದನು. ರೈತರಿಗೆ ಮಾತ್ರ ವಿನಾಯಿತಿ ಕೊಟ್ಟನು. ಅದೇ ಶತಮಾನದಲ್ಲಿ ಲವೊದಿಕೀಯದ ಸಭೆಯು, ಕ್ರೈಸ್ತರು ಶನಿವಾರ ಯೆಹೂದ್ಯರಂತೆ ಸುಮ್ಮನೆ ಕೂಡದೆ ಕೆಲಸ ಮಾಡಬೇಕೆಂದು ವಿಧಿಸಿತು. ಹಾಗೆ ವಿಧಿಸಬೇಕಾಯಿತೆಂದರೆ, ಶನಿವಾರವನ್ನು ಆಚರಿಸುತ್ತಿದ್ದ ಕ್ರೈಸ್ತರು ಆಗಲೂ ಇದ್ದರೆಂದೇ ಅರ್ಥ. ಇಥಿಯೋಪಿಯದ ಪುರಾತನ ಸಭೆ ಎರಡೂ ದಿನಗಳನ್ನು ಇಂದಿಗೂ ಗೌರವಿಸುತ್ತದೆ. ಅಮೇರಿಕೆಯಲ್ಲಿ 1863ರಲ್ಲಿ ಸಂಘಟಿತವಾದ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆ ಶನಿವಾರವನ್ನೇ ಹಿಡಿದಿದೆ.

ಹಬ್ಬಗಳ ಮಾತೂ ಹೀಗೆಯೇ. ಯಾಜಕಕಾಂಡದ ಇಪ್ಪತ್ತಮೂರನೆಯ ಅಧ್ಯಾಯದಲ್ಲಿ ಪಸ್ಕದಿಂದ ಪರ್ಣಶಾಲೆಗಳ ಹಬ್ಬದವರೆಗೆ ಪಟ್ಟಿ ಇದೆ. ಪಸ್ಕದ ನೆರಳಿನಲ್ಲಿ ನಮ್ಮ ಈಸ್ಟರ್ ಬೆಳೆಯಿತು, ಪಂಚಾಶತ್ತಮವನ್ನು ಪವಿತ್ರಾತ್ಮನ ಹಬ್ಬವೆಂದು ಉಳಿಸಿಕೊಂಡೆವು, ಉಳಿದವನ್ನು ಬಿಟ್ಟೆವು. ಈಸ್ಟರಿನ ದಿನ ಯಾವುದೆಂಬುದಕ್ಕೇ ಎರಡನೆಯ ಶತಮಾನದಲ್ಲಿ ದೊಡ್ಡ ಜಗಳವಿತ್ತು. ಸ್ಮುರ್ನದ ವೃದ್ಧ ಬಿಷಪ್ ಪಾಲಿಕಾರ್ಪನು ರೋಮಿಗೆ ಹೋಗಿ ಅಲ್ಲಿಯ ಬಿಷಪ್ ಅನಿಸೀಟನೊಡನೆ ಚರ್ಚಿಸಿದನು. ಒಬ್ಬರ ಮಾತನ್ನು ಇನ್ನೊಬ್ಬರು ಒಪ್ಪಲಿಲ್ಲ. ಆದರೂ ಕೂಡಿ ಪ್ರಭು ಭೋಜನ ಮಾಡಿ ಸಮಾಧಾನದಿಂದ ಬೀಳ್ಕೊಂಡರು. ನಾವು ಓದಿದ್ದರಲ್ಲೆಲ್ಲ ನಮ್ಮ ಮನಸ್ಸಿಗೆ ಹಿಡಿದದ್ದು ಇದೊಂದು.

ಎಲ್ಲ ಕಡೆಯೂ ಹೀಗೆ ಆಗಲಿಲ್ಲ. ಸಬ್ಬತ್ತನ್ನೂ ಈ ಎಲ್ಲ ಹಬ್ಬಗಳನ್ನೂ ಕಡ್ಡಾಯವೆಂದು ಆಚರಿಸುತ್ತಿದ್ದ ಅಮೇರಿಕೆಯ ‘ವರ್ಲ್ಡ್‌ವೈಡ್ ಚರ್ಚ್ ಆಫ್ ಗಾಡ್’ ಎಂಬ ಸಭೆಯ ನಾಯಕರು 1995ರ ಸುಮಾರಿಗೆ, ಇವು ಕಡ್ಡಾಯವಲ್ಲವೆಂದು ಬೋಧನೆ ಬದಲಿಸಿದರು. ಸಭೆ ಒಡೆಯಿತು, ಎಷ್ಟೋ ಜನ ಹೊರಬಿದ್ದು ಬೇರೆ ಸಭೆ ಕಟ್ಟಿಕೊಂಡರು.

ಶನಿವಾರಕ್ಕಾಗಿ ಕೆಲಸ ಬಿಟ್ಟವನು ನಮ್ಮವನೊಬ್ಬನೇ ಎಂದು ನಾವು ತಿಳಿದಿದ್ದೆವು. ಹಾಗಲ್ಲ. ನಮ್ಮ ಈ ಕೊಂಕಣದ ಕರಾವಳಿಯ ಬೆನೆ ಇಸ್ರಾಯೇಲ್ ಯೆಹೂದ್ಯರು ಹಿಂದೆ ಗಾಣದ ಕಸುಬಿನವರಾಗಿದ್ದರು. ಶನಿವಾರ ಗಾಣ ಹೂಡುತ್ತಿರಲಿಲ್ಲವಾದ್ದರಿಂದ ಅವರಿಗೆ ‘ಶನಿವಾರ ತೇಲಿ’ ಎಂದೇ ಹೆಸರು ಬಿದ್ದಿತು. ಅಮೇರಿಕೆಯಲ್ಲಿ ಶನಿವಾರ ಬರಲೊಲ್ಲೆನೆಂದ ಅಡ್ವೆಂಟಿಸ್ಟ್ ಗಿರಣಿ ಕೆಲಸಗಾರ್ತಿ ಅಡೆಲ್ ಶೆರ್ಬರ್ಟ್ ಕೆಲಸ ಕಳೆದುಕೊಂಡಳು. ಆ ಕಾರಣಕ್ಕಾಗಿ ಅವಳಿಗೆ ನಿರುದ್ಯೋಗ ಭತ್ಯೆ ನಿರಾಕರಿಸಬಾರದೆಂದು 1963ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ತೀರ್ಪಿತ್ತಿತು.

ಮುಂಬಯಿಯ ಗಿರಣಿ ಕೆಲಸಗಾರರಿಗಂತೂ ಮೊದಲು ಯಾವ ವಾರವೂ ರಜೆಯಿರಲಿಲ್ಲ. ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಹೋರಾಡಿದ ಮೇಲೆ 1890ರಲ್ಲಿ ಆದಿತ್ಯವಾರದ ಸೂಟಿ ದೊರೆಯಿತು. ಅದನ್ನು ಅವರು ಕೇಳಿದ್ದು ಬೈಬಲಿನ ಹೆಸರಿನಲ್ಲಿ ಅಲ್ಲ. ಅದು ಖಂಡೋಬನ ವಾರ, ನಮ್ಮ ಕಡೆಯ ಮೈಲಾರಲಿಂಗನ ವಾರ ಎಂದು.

ಇಷ್ಟೆಲ್ಲ ಓದಿ ಒಂದು ಆದಿತ್ಯವಾರ ಮಧ್ಯಾಹ್ನ ಊಟವಾದ ಮೇಲೆ ನಾವು ಅವನೊಡನೆ ವಾದಕ್ಕೆ ಕೂತೆವು. ಗುಡಿಯಿಂದ ನಾಲ್ಕು ಜನ ಅತಿಥಿಗಳು ಬಂದಿದ್ದರು. ಒಳಗೆ ಮನೆಗೆಲಸದ ಬಾಯಿ ಪಾತ್ರೆಯ ರಾಶಿ ತಿಕ್ಕುತ್ತಿದ್ದಳು. ಅವನು ಅತ್ತ ನೋಡಿ, “ಭಾವಾ, ನಾ ಶನಿವಾರ ಇಡತೀನಿ, ನೀವು ಆದಿತ್ಯವಾರ ಇಡತೀರಿ. ಬಾಯಿದು ಯಾವ ವಾರ?” ಎಂದನು.

ನಮ್ಮ ಬಾಯಿ ಕಟ್ಟಿತು. ಧರ್ಮೋಪದೇಶಕಾಂಡದಲ್ಲಿ ಇದೇ ಆಜ್ಞೆ ಮತ್ತೊಮ್ಮೆ ಬರುತ್ತದೆ. ಅಲ್ಲಿ ಕೊಟ್ಟ ಕಾರಣವೇ ಬೇರೆ: ನೀನೂ ಐಗುಪ್ತದಲ್ಲಿ ದಾಸನಾಗಿದ್ದೆ, ಆದುದರಿಂದ ನಿನ್ನ ಆಳುಗಳೂ ನಿನ್ನಂತೆ ವಿಶ್ರಮಿಸಿಕೊಳ್ಳಲಿ ಎಂದು. ಅದನ್ನು ಓದಿಯೂ ನಾವು ದಿನದ ಹೆಸರಿನಲ್ಲೇ ಸಿಕ್ಕಿಬಿದ್ದಿದ್ದೆವು.

ಶನಿವಾರವೋ ಆದಿತ್ಯವಾರವೋ ಎಂಬುದನ್ನು ಅವರವರ ಮನಸ್ಸಾಕ್ಷಿಗೆ ಬಿಡಬೇಕು. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲನು ಹೇಳಿದ್ದೂ ಅಷ್ಟೇ. ಏಳನೆಯ ದಿನವನ್ನು ಹಿಡಿದವನನ್ನು ಹುಚ್ಚನೆನ್ನಬಾರದು. ಅವನೂ ಉಳಿದವರನ್ನು ಆಜ್ಞೆ ಮೀರಿದವರೆನ್ನಬಾರದು. ಆದರೆ ದುಡಿಯುವವರಿಗೆ ವಾರದಲ್ಲಿ ಒಂದು ದಿನ ಬಿಡುವು ಕೊಡುವುದು ಮನಸ್ಸಾಕ್ಷಿಗೆ ಬಿಟ್ಟ ಮಾತಲ್ಲ, ಅದೇ ಆಜ್ಞೆಯ ತಿರುಳು. ಯಾವ ಮತದ ಮನೆಯಾದರೂ ಇದನ್ನು ಪಾಲಿಸಬಹುದೆಂದು ನಮ್ಮ ನಮ್ರ ಅಭಿಪ್ರಾಯ.

ಈಗ ಆದಿತ್ಯವಾರ ನಮ್ಮ ಮನೆಗೆ ಬಾಯಿ ಬರುವುದಿಲ್ಲ. ಸಂಬಳ ಕಡಿತವೂ ಇಲ್ಲ. ಪಾತ್ರೆಗಳನ್ನು ನಾವೇ ತಿಕ್ಕುತ್ತೇವೆ. ನಮ್ಮ ಮನೆಯವರ ತಮ್ಮನಿಗೆ ದೀಪಾವಳಿಯ ಹೊತ್ತಿಗೆ ವಾರಕ್ಕೆ ಐದೇ ದಿನದ ಕೆಲಸವೊಂದು ಸಿಕ್ಕಿತು. ಸಂಬಳ ಮೊದಲಿನದಕ್ಕಿಂತ ಕಡಿಮೆ. ಶನಿವಾರ ಅವನು ತನ್ನ ಸಭೆಗೆ ಹೋಗುತ್ತಾನೆ. ಆದಿತ್ಯವಾರ ನಾವು ಗುಡಿಯಿಂದ ಬರುವ ಹೊತ್ತಿಗೆ ಅನ್ನಕ್ಕೆ ಇಟ್ಟು ಕಾಯುತ್ತಿರುತ್ತಾನೆ.